ಯೂನಿಫಾರ್ಮ್ ಬೇಕು, ಆದರೆ ಒಂದೇ ಅಂಗಡಿಯಲ್ಲಿ ಯಾಕೆ?

ತುಮಕೂರಿನ ಅಮ್ಮ

ಮಗಳು ಈ ವರ್ಷ ಆರನೇ ಕ್ಲಾಸು, ಮಗ ಮೂರನೇ ಕ್ಲಾಸು. ಇಬ್ಬರೂ ಒಂದೇ ಶಾಲೆ. ಖಾಸಗಿ, ಸ್ಟೇಟ್ ಸಿಲಬಸ್. ಶಾಲೆಯ ಹೆಸರು ಕೇಳಬೇಡಿ, ಮಕ್ಕಳು ಇನ್ನೂ ಅಲ್ಲೇ ಓದಬೇಕು.

ಮಗಳ ಹಳೇ ಅಂಗಿಗಳನ್ನು ಒಗೆದು, ಇಸ್ತ್ರಿ ಮಾಡಿ, ತಮ್ಮನಿಗೆ ಆಗುತ್ತವೆ ಅಂತ ಬೀರುವಿನಲ್ಲಿ ಎತ್ತಿಟ್ಟಿದ್ದೆ. ಅಷ್ಟರಲ್ಲಿ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂತು. ಈ ವರ್ಷದಿಂದ ತಿಳಿನೀಲಿ ಅಂಗಿ ಇಲ್ಲ, ಚೌಕಳಿ ಅಂಗಿ. ಬುಧವಾರಕ್ಕೆ ಹೌಸ್ (ಶಾಲೆಯಲ್ಲಿ ಮಗು ಸೇರಿದ ತಂಡ) ಬಣ್ಣದ ಟೀ ಶರ್ಟು, ಬಿಳಿ ಪ್ಯಾಂಟು, ಬಿಳಿ ಶೂ. ಟೈ, ಬೆಲ್ಟು, ಸಾಕ್ಸು ಎಲ್ಲದರ ಮೇಲೂ ಶಾಲೆಯ ಗುರುತು. ಎಲ್ಲವನ್ನೂ ಇಂಥ ಅಂಗಡಿಯಲ್ಲೇ ತಗೋಬೇಕು. ಹೋದೆ. ಇಬ್ಬರಿಗೂ ಸೇರಿ ಒಂಬತ್ತು ಸಾವಿರ ದಾಟಿತು. ಬಿಲ್ ಕೊಡಿ ಅಂದರೆ ಬಿಳಿ ಚೀಟಿಯಲ್ಲಿ ಮೊತ್ತ ಗೀಚಿ ಕೊಟ್ಟರು.

ನಾನು ಯೂನಿಫಾರ್ಮ್ ಬೇಡ ಅನ್ನುವವಳಲ್ಲ. ಬೇಕೇ ಬೇಕು ಅನ್ನುವವಳು. ಯೂನಿಫಾರ್ಮ್ ಹಾಕಿದರೆ ಬಡವ ಶ್ರೀಮಂತ ಎಲ್ಲ ಒಂದೇ ಅನ್ನುವ ಮಾತನ್ನು ಮಾತ್ರ ಪೂರ್ತಿ ನಂಬಲ್ಲ. ಮಕ್ಕಳು ದಡ್ಡರಲ್ಲ. ಬ್ಯಾಗು, ವಾಟರ್ ಬಾಟಲ್ಲು, ಬಿಡಲು ಬರುವ ಗಾಡಿ ನೋಡಿದರೆ ಯಾರು ಏನು ಅಂತ ಅವರಿಗೆ ಗೊತ್ತಾಗುತ್ತದೆ. ನನಗೆ ಯೂನಿಫಾರ್ಮ್ ಬೇಕಾಗಿರುವುದು ಬೆಳಿಗ್ಗೆ ಏಳೂವರೆಗೆ. ಒಲೆ ಮೇಲೆ ಚಿತ್ರಾನ್ನ, ಇನ್ನೊಂದು ಕಡೆ ಜಡೆ, ಹೊರಗೆ ವ್ಯಾನಿನವನ ಹಾರ್ನ್. ಆ ಹೊತ್ತಿನಲ್ಲಿ ಮಗಳು ಬೀರು ತೆಗೆದು "ಅಮ್ಮಾ, ಇವತ್ತು ಯಾವ ಡ್ರೆಸ್ಸು?" ಅಂತ ನಿಂತರೆ ನಾನು ಕೆಲಸಕ್ಕೆ ಹೋದ ಹಾಗೇ. ಅದೂ ಅಲ್ಲದೆ ದಿನಾ ಬೇರೆ ಬೇರೆ ಬಟ್ಟೆ ಕೊಡಿಸುವ ಶಕ್ತಿ ನಮಗಿಲ್ಲ.

ಖರ್ಚು ಉಳಿಸಲಿ ಅಂತ ಬಂದ ವಸ್ತುವೇ ಈಗ ಖರ್ಚು. ಅದು ನನ್ನ ತಕರಾರು. ನಿಮ್ಮ ಕಡೆ ಹೇಗಿದೆ?

ಎರಡು ಗಂಡುಮಕ್ಕಳ ಅಪ್ಪ

ನಮ್ಮಲ್ಲೂ ಇದೇ ಕಥೆ. ಬಣ್ಣ ಬದಲಾದಾಗ ಕಾರಣ ಕೇಳಿದೆ. "ಬ್ರ್ಯಾಂಡಿಂಗ್ ಸರ್" ಅಂದರು. ಒಂದನೇ ಕ್ಲಾಸಿನ ಹುಡುಗನ ಚಡ್ಡಿಗೆ ಎಂಥ ಬ್ರ್ಯಾಂಡಿಂಗು?

ಟೇಲರ್ ಅಂಗಡಿ, ಚಿತ್ರದುರ್ಗ

ಅಕ್ಕಾ, ನಾನು ಹೊಲಿಗೆ ಕೆಲಸದವನು. ಎರಡು ಮಾತು ಹೇಳುತ್ತೇನೆ.

ಮೊದಲೆಲ್ಲ ಮೇ ತಿಂಗಳು ಅಂದರೆ ನಮಗೆ ಹಬ್ಬ. ಶಾಲೆಯವರು ಬಣ್ಣ ಹೇಳುತ್ತಿದ್ದರು, ಜನ ಬಟ್ಟೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಂಡು ನಮ್ಮ ಹತ್ತಿರ ತರುತ್ತಿದ್ದರು. ನಾವು ಪ್ಯಾಂಟಿನ ಕಾಲಿನ ಕೆಳಗೆ ಮೂರು ಇಂಚು ಒಳಗೆ ಮಡಚಿ ಹೊಲಿಯುತ್ತಿದ್ದೆವು. ಸೊಂಟದ ಹಿಂದೆ ಒಂದೂವರೆ ಇಂಚು ಬಿಡುತ್ತಿದ್ದೆವು. ಲಂಗಕ್ಕೆ ಎರಡು ಮಡಿಕೆ. ಹುಡುಗ ಬೆಳೆದ ಹಾಗೆ ಹೊಲಿಗೆ ಬಿಚ್ಚಿ ಉದ್ದ ಮಾಡಿಕೊಡುವುದು. ಹಳೇ ಮಡಿಕೆಯ ಗೆರೆ ಬಿಳಿಯಾಗಿ ಕಾಣುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಂದು ಪ್ಯಾಂಟು ಎರಡು ವರ್ಷ ಆರಾಮಾಗಿ ಬರುತ್ತಿತ್ತು, ಆಮೇಲೆ ತಮ್ಮನಿಗೆ.

ಈಗಿನ ರೆಡಿಮೇಡು ತಿರುಗಿಸಿ ಒಳಗಡೆ ನೋಡಿ. ಅರ್ಧ ಇಂಚೂ ಬಿಟ್ಟಿರುವುದಿಲ್ಲ. ಬಿಚ್ಚಿದರೆ ಬಟ್ಟೆಯೇ ಇಲ್ಲ, ನಾನು ಏನನ್ನು ಉದ್ದ ಮಾಡಲಿ? ಮಗು ಬೆಳೆಯಿತು ಅಂದರೆ ಹೊಸದು ತಗೋಬೇಕು, ಅಷ್ಟೇ.

ಚೌಕಳಿ ಯಾಕೆ ತರುತ್ತಾರೆ ಗೊತ್ತಾ? ತಿಳಿನೀಲಿ ಬಟ್ಟೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಆ ಶಾಲೆಯ ಚೌಕಳಿ ಬೇರೆಲ್ಲೂ ಸಿಗುವುದಿಲ್ಲ. ಒಂದು ಗೆರೆ ಹೆಚ್ಚು, ಒಂದು ಗೆರೆ ಕಡಿಮೆ, ಹುಡುಗ ಪ್ರಾರ್ಥನೆ ಸಾಲಿನಲ್ಲೇ ಸಿಕ್ಕಿಬೀಳುತ್ತಾನೆ.

ತುಮಕೂರಿನ ಅಮ್ಮ

ಅಣ್ಣಾ, ಈ ಚೌಕಳಿ ಗುಟ್ಟು ನನಗೆ ಹೊಳೆದೇ ಇರಲಿಲ್ಲ. ಈಗ ಶಾಲೆಯ ಮೆಸೇಜ್ ಮತ್ತೆ ಓದಿದರೆ ಎಲ್ಲಾ ಅರ್ಥ ಆಗುತ್ತಿದೆ.

ಪ್ರಶ್ನೆ ಕೇಳುವವ

ಎಲ್ಲರೂ ಬೆಲೆ ಬಗ್ಗೆಯೇ ಮಾತಾಡುತ್ತಿದ್ದೀರಿ. ಮೂಲ ಪ್ರಶ್ನೆ ಯಾರೂ ಕೇಳುತ್ತಿಲ್ಲ. ಯೂನಿಫಾರ್ಮ್ ಯಾಕೆ ಬೇಕು? ಟೈ ಕಟ್ಟಿದರೆ ಗಣಿತ ಬರುತ್ತದಾ? ನಮ್ಮ ಬಿಸಿಲಿಗೆ ಕುತ್ತಿಗೆಗೆ ಟೈ, ಕಾಲಿಗೆ ಸಾಕ್ಸು. ಬ್ರಿಟಿಷರು ಬಿಟ್ಟು ಹೋದದ್ದನ್ನು ನಾವು ಮಕ್ಕಳ ಕುತ್ತಿಗೆಗೆ ಕಟ್ಟಿಕೊಂಡು ಕೂತಿದ್ದೇವೆ. ಅಮೆರಿಕದ ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ಯೂನಿಫಾರ್ಮೇ ಇಲ್ಲ. ಅಲ್ಲಿಯ ಮಕ್ಕಳು ಓದುವುದಿಲ್ವಾ?

ಹುಬ್ಬಳ್ಳಿಯ ತಾಯಿ

ಟೈ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ ರೀ. ಎಲಾಸ್ಟಿಕ್ ಹಾಕಿದ ಆ ರೆಡಿ ಟೈ ನನ್ನ ಮಗ ಊಟದ ಹೊತ್ತಿಗೆ ಬಾಯಿ ಒರೆಸಿಕೊಳ್ಳಲು ಬಳಸುತ್ತಾನೆ. ಬೇರೆ ಉಪಯೋಗ ನಾನು ಕಂಡಿಲ್ಲ.

ಆದರೆ ಬಣ್ಣದ ಬಟ್ಟೆಯ ವಿಷಯಕ್ಕೆ ಬನ್ನಿ. ನಮ್ಮ ಶಾಲೆಯಲ್ಲಿ ಹುಟ್ಟಿದಹಬ್ಬದ ದಿನ ಕಲರ್ ಡ್ರೆಸ್ ಬಿಡುತ್ತಾರೆ. ಡಿಸೆಂಬರ್‌ನಲ್ಲಿ ಒಂದು ದಿನ ಇಡೀ ಶಾಲೆಗೆ ಕಲರ್ ಡ್ರೆಸ್. ಆ ಒಂದು ದಿನಕ್ಕೆ ಮನೆಯಲ್ಲಿ ವಾರದಿಂದ ಜಗಳ. ಮಗಳ ಗೆಳತಿಯೊಬ್ಬಳು ಆ ದಿನ "ಜ್ವರ" ಅಂತ ಹೇಳಿ ಶಾಲೆಗೇ ಬರಲಿಲ್ಲ. ಸಂಜೆ ನಮ್ಮ ಓಣಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಜ್ವರ ಏನೂ ಇರಲಿಲ್ಲ, ಒಳ್ಳೆ ಫ್ರಾಕು ಇರಲಿಲ್ಲ. ವರ್ಷಕ್ಕೆ ಒಂದು ದಿನಕ್ಕೆ ಹೀಗಾದರೆ ದಿನಾ ಕಲರ್ ಡ್ರೆಸ್ ಆದರೆ ಏನು ಗತಿ?

ಪ್ರಶ್ನೆ ಕೇಳುವವ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಟೈ ಬೇಡ ಅನ್ನುವುದನ್ನು ಬಿಡಲ್ಲ.

ಸರ್ಕಾರಿ ಶಾಲೆ ಮೇಷ್ಟ್ರು

ನಾನು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ, ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯಲ್ಲಿ. ನಿಮ್ಮ ಒಂಬತ್ತು ಸಾವಿರದ ಪಕ್ಕದಲ್ಲಿ ನಮ್ಮ ಲೆಕ್ಕವನ್ನೂ ಇಡುತ್ತೇನೆ.

ನಮ್ಮ ಮಕ್ಕಳಿಗೆ ರಾಜ್ಯ ಸರ್ಕಾರದ ವಿದ್ಯಾವಿಕಾಸ ಯೋಜನೆಯಲ್ಲಿ ಯೂನಿಫಾರ್ಮ್ ಬಟ್ಟೆ, ಪುಸ್ತಕ ಉಚಿತ. 2015-16ರಿಂದ ಶೂ, ಸಾಕ್ಸೂ ಸೇರಿದವು. ಶೂ ಕೊಳ್ಳುವುದು ಎಸ್‌ಡಿಎಂಸಿ, ಅಂದರೆ ಪಾಲಕರಿರುವ ಶಾಲಾಭಿವೃದ್ಧಿ ಸಮಿತಿಯ ಕೆಲಸ. ಸರ್ಕಾರ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸಿಗೆ ಅಂತ ಕೊಟ್ಟ ದರ ಐದನೇ ಕ್ಲಾಸಿನವರೆಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325. ಈ ದುಡ್ಡು ಹಿಡಿದುಕೊಂಡು ಅಂಗಡಿಗೆ ಹೋಗಿ ನೋಡಿ. ಅಂಗಡಿಯವರು ಮೊದಲು ನಗುತ್ತಾರೆ, ಆಮೇಲೆ ಒಳಗಿನಿಂದ ಅಂಥದ್ದೇ ಶೂ ತಂದು ಕೊಡುತ್ತಾರೆ. ದೀಪಾವಳಿ ಹೊತ್ತಿಗೆ ಶೂವಿನ ಸೋಲ್ ಬಾಯಿ ಬಿಡುತ್ತದೆ.

ಬಟ್ಟೆಯ ಕಥೆ ಬೇರೆ. ನಮಗೆ ಬಂದದ್ದು ಹೊಲಿಯದ ಬಟ್ಟೆ. ಹೊಲಿಗೆ ಕೂಲಿ ಪಾಲಕರೇ ಕೊಡಬೇಕು. ಗುಳೇ ಹೋದವರ ಮಕ್ಕಳು ಅಜ್ಜಿಯ ಹತ್ತಿರ ಇರುತ್ತಾರೆ. ಅಜ್ಜಿಗೆ ಪಿಂಚಣಿ ಬಂದ ಮೇಲೆ ಹೊಲಿಗೆ. ಅಲ್ಲಿಯವರೆಗೆ ಬಟ್ಟೆ ಟ್ರಂಕಿನಲ್ಲಿ.

ಇನ್ನು ಎರಡನೇ ಜೊತೆ. ಸಮಗ್ರ ಶಿಕ್ಷಣ ಅನ್ನುವ ಕೇಂದ್ರದ ಯೋಜನೆಯಲ್ಲಿ ಎಂಟನೇ ಕ್ಲಾಸಿನವರೆಗೆ ಎಲ್ಲ ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ ಮತ್ತು ಬಿಪಿಎಲ್ ಮನೆಗಳ ಗಂಡುಮಕ್ಕಳಿಗೆ ಎರಡು ಜೊತೆಗೆ ವರ್ಷಕ್ಕೆ ತಲಾ 600 ರೂಪಾಯಿ ಅಂತ ಇದೆ. ಕಾಗದದ ಮೇಲೆ ಎರಡು ಜೊತೆ, ಮಕ್ಕಳ ಮೈಮೇಲೆ ಎಷ್ಟೋ ವರ್ಷ ಒಂದೇ. ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಹುಡುಗನ ಹೆಸರಿನಲ್ಲಿ ಇದೇ ವಿಷಯಕ್ಕೆ ಹೈಕೋರ್ಟಿಗೆ ಕೇಸು ಹೋಯಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎರಡು ಜೊತೆ ಕೊಡಲೇಬೇಕು ಅಂತ 2019ರಲ್ಲಿ ಕೋರ್ಟು ಹೇಳಿತು. ಹೇಳಿದ್ದನ್ನು ಸರ್ಕಾರ ಮಾಡಿಲ್ಲ ಅಂತ 2023ರಲ್ಲಿ ಮತ್ತೆ ಕೋರ್ಟೇ ಗದರಬೇಕಾಯಿತು.

ಒಂದೇ ಜೊತೆ ಇದ್ದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡುವವನು ನಾನು. ಸೋಮವಾರ ಬಿಳಿ ಅಂಗಿ. ಬುಧವಾರ ಕಾಲರಿನಲ್ಲಿ ಕಪ್ಪು ಗೆರೆ. ಗುರುವಾರ ಹುಡುಗಿ ಒಗೆದು ಹಸಿಯಾಗಿಯೇ ಹಾಕಿಕೊಂಡು ಬರುತ್ತಾಳೆ. ಶುಕ್ರವಾರ ಕೆಲವರು ಬರುವುದೇ ಇಲ್ಲ. ಹಾಜರಿ ಪುಸ್ತಕದಲ್ಲಿ ನಾನು "ಗೈರು" ಅಂತ ಬರೆಯುತ್ತೇನೆ. ಕಾರಣ ಬರೆಯಲು ಅದರಲ್ಲಿ ಕಾಲಂ ಇಲ್ಲ.

ಹಾಗಂತ ಯೂನಿಫಾರ್ಮ್ ತೆಗೆದುಬಿಡಿ ಅಂತ ನಮ್ಮೂರಲ್ಲಿ ಒಬ್ಬ ಪಾಲಕರೂ ಕೇಳಿಲ್ಲ. ಎಷ್ಟೋ ಮಕ್ಕಳಿಗೆ ವರ್ಷದಲ್ಲಿ ಸಿಗುವ ಹೊಸ ಬಟ್ಟೆಯೇ ಅದು. ಜಾತ್ರೆಗೂ ಅದನ್ನೇ ಹಾಕಿಕೊಂಡು ಹೋಗುತ್ತಾರೆ, ಮದುವೆಗೂ ಅದೇ.

ತುಮಕೂರಿನ ಅಮ್ಮ

ಮೇಷ್ಟ್ರೇ, ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮದು ದುಡ್ಡಿದ್ದವರ ಗೊಣಗಾಟ ಅನ್ನಿಸಿದರೆ ಬೇಜಾರಿಲ್ಲ. ಆದರೆ ಎರಡೂ ಕಡೆ ಮಗುವಿಗೆ ಬೇಕಿರುವುದು ಒಂದೇ ಅಲ್ವಾ? ಎರಡು ಜೊತೆ, ಗಟ್ಟಿ ಬಟ್ಟೆ, ಸರಿಯಾದ ಸಮಯಕ್ಕೆ.

ಸರ್ಕಾರಿ ಶಾಲೆ ಮೇಷ್ಟ್ರು

ಗೊಣಗಾಟ ಅಲ್ಲ ಮೇಡಂ. ನಿಮ್ಮ ಶಾಲೆಗಳಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಉಚಿತ ಸೀಟಿನಲ್ಲಿ ಸೇರಿದ ಮಕ್ಕಳೂ ಇದ್ದಾರೆ. ಫೀಸು ಮಾಫಿ ಆಯಿತು ಅಂತ ಖುಷಿಯಲ್ಲಿ ಸೇರಿಸಿ, ಈ ಅಂಗಡಿ ಪಟ್ಟಿ ನೋಡಿ ಬೆವರುವವರು ಅವರು. ನೀವು ದನಿ ಎತ್ತಿದರೆ ಅವರಿಗೂ ಆಗುತ್ತದೆ.

ಬನಹಟ್ಟಿಯ ಮಗ್ಗದವನು

ನಮಸ್ಕಾರ ರೀ. ಮೇಷ್ಟ್ರು ಹೇಳಿದ ವಿದ್ಯಾವಿಕಾಸದ ಬಟ್ಟೆ ಎಲ್ಲಿಂದ ಬರುತ್ತದೆ ಅಂತ ಯಾರಾದರೂ ಯೋಚನೆ ಮಾಡಿದ್ದೀರಾ? ಅದರಲ್ಲಿ ಒಂದು ಪಾಲು ಕೈಮಗ್ಗದ್ದು. ಕೈಮಗ್ಗ ಅಭಿವೃದ್ಧಿ ನಿಗಮ ನೂಲು ಕೊಡುತ್ತದೆ, ನೇಕಾರರು ನೇಯ್ದು ಕೊಡುತ್ತಾರೆ, ನಿಗಮ ಕೂಲಿ ಕೊಡುತ್ತದೆ. ನಮ್ಮ ಅಪ್ಪ ಇದನ್ನೇ ನೇಯ್ದು ನನ್ನನ್ನು ಓದಿಸಿದ. ಇಳಕಲ್ ಸೀರೆಯಂತೆ ಸೆರಗು, ದಡಿಯ ಸೊಗಸು ಇದರಲ್ಲಿ ಇಲ್ಲ. ಸಾದಾ ಬಟ್ಟೆ, ಒಂದೇ ಬಣ್ಣ, ನೇಯುವವನಿಗೂ ಬೇಸರ. ಆದರೆ ಸೀರೆ ವ್ಯಾಪಾರ ಕುಸಿದ ವರ್ಷವೂ ಇದರ ಕೂಲಿ ಮನೆಗೆ ಬರುತ್ತಿತ್ತು.

ಆರ್ಡರು ತಡವಾದರೆ ಮಗ್ಗ ಖಾಲಿ. ಮಗ್ಗ ಖಾಲಿ ಅಂದರೆ ಆ ಕಡೆ ಮಕ್ಕಳಿಗೆ ಜೂನ್‌ನಲ್ಲಿ ಬಟ್ಟೆ ಇಲ್ಲ. ಎರಡೂ ಕಡೆಯವರು ಕಾಯುವುದು ಒಂದೇ ಫೈಲಿಗೆ.

ಬಟ್ಟೆ ದಪ್ಪ, ಸೆಕೆ ಅಂತ ಬೈಯುವವರು ಇದ್ದಾರೆ. ಒಪ್ಪುತ್ತೇನೆ. ಇದರಲ್ಲಿ ಪಾಲಿಯೆಸ್ಟರ್ ಸೇರಿರುತ್ತದೆ. ಬರೀ ಹತ್ತಿ ಆದರೆ ಎರಡು ಒಗೆತಕ್ಕೆ ಸುಕ್ಕು, ಬಣ್ಣ ಮಂಕು, ಇಸ್ತ್ರಿ ಇಲ್ಲದೆ ಹಾಕಲು ಬರುವುದಿಲ್ಲ. ಹಳ್ಳಿಯಲ್ಲಿ ದಿನಾ ಇಸ್ತ್ರಿ ಯಾರು ಮಾಡುತ್ತಾರೆ?

ಟೇಲರ್ ಅಂಗಡಿ, ಚಿತ್ರದುರ್ಗ

ಸರಿಯಾಗಿ ಹೇಳಿದಿರಿ. ಖಾಸಗಿ ಶಾಲೆಯದ್ದೂ ಟೆರಿಕಾಟೇ. ಬಹಳಷ್ಟು ಅಂಗಿ ಬಟ್ಟೆಯಲ್ಲಿ ನೂರಕ್ಕೆ 67 ಪಾಲಿಯೆಸ್ಟರ್, 33 ಹತ್ತಿ. ಕೊಳ್ಳುವಾಗ ಒಂದು ಕೆಲಸ ಮಾಡಿ. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಸುಕಿ ಬಿಡಿ. ಸುಕ್ಕೇ ಬೀಳದಿದ್ದರೆ ಪ್ಲಾಸ್ಟಿಕ್ ಜಾಸ್ತಿ, ಏಪ್ರಿಲ್‌ನಲ್ಲಿ ಮಗುವಿನ ಬೆನ್ನಿಗೆ ಬೆವರುಸಾಲೆ ಗ್ಯಾರಂಟಿ. ಗುಂಡಿ ಕಾಜಾ ನೋಡಿ, ದಾರ ಈಗಲೇ ಎದ್ದಿದ್ದರೆ ಅದು ತಿಂಗಳು ಬಾಳಲ್ಲ. ಪ್ಯಾಂಟಿನ ಜಿಪ್ ಮೂರು ಸಲ ಎಳೆದು ನೋಡಿ.

ತೀರ್ಥಹಳ್ಳಿ ಕಡೆಯವರು

ನೀವೆಲ್ಲ ಬಿಸಿಲಿನ ಊರಿನವರು. ನಮ್ಮ ಕಡೆ ಜುಲೈನಲ್ಲಿ ಬಂದು ನೋಡಿ. ಒಗೆದ ಬಟ್ಟೆ ಮೂರು ದಿನವಾದರೂ ಒಣಗಲ್ಲ, ಮುಗ್ಗಲು ವಾಸನೆ ಬೇರೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಅದರ ಮೇಲೆ ಯೂನಿಫಾರ್ಮ್ ಹರವುತ್ತೇವೆ. ಬೆಳಿಗ್ಗೆ ಮಕ್ಕಳು ಹೊಗೆ ವಾಸನೆ ಹೊತ್ತುಕೊಂಡು ಶಾಲೆಗೆ. ಒಂದು ಕ್ಲಾಸಿಗೆ ಹೋದರೆ ಯಾರ ಮನೆಯಲ್ಲಿ ಯಾವ ಸೌದೆ ಉರಿಸುತ್ತಾರೆ ಅಂತ ಹೇಳಬಹುದು.

ಇಂಥ ಮಳೆಯಲ್ಲಿ ಖಾಸಗಿ ಶಾಲೆಯವರಿಗೆ ಕಪ್ಪು ಶೂ, ಬಿಳಿ ಸಾಕ್ಸೇ ಬೇಕು. ಗದ್ದೆ ಅಂಚಿನಲ್ಲಿ ನಡೆದು ಬರುವ ಮಗು ಶೂವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿಕೊಂಡು ಬಂದು ಗೇಟಿನ ಹತ್ತಿರ ಹಾಕಿಕೊಳ್ಳುತ್ತದೆ. ಈ ವಿಷಯದಲ್ಲಿ ಸರ್ಕಾರಿ ಶಾಲೆಯವರೇ ಜಾಣರು. ಆಯಾ ಊರಿನ ಹವೆ ನೋಡಿ ಶೂ ಬದಲು ಚಪ್ಪಲಿ ಕೊಡಿಸಬಹುದು ಅಂತ ಅವರ ಸುತ್ತೋಲೆಯಲ್ಲೇ ಇದೆ.

ಕಾನೂನು ಓದಿದವ

ಮೇಡಂ, ನಿಮ್ಮ ಮೊದಲ ಪೋಸ್ಟಿಗೆ ಬರುತ್ತೇನೆ. ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ.

ಕರ್ನಾಟಕ ಶಿಕ್ಷಣ ಕಾಯ್ದೆ 1983ರದ್ದು. ಅದರ ಕೆಳಗೆ 1995ರಲ್ಲಿ ಶಿಕ್ಷಣ ಸಂಸ್ಥೆಗಳ ವರ್ಗೀಕರಣ, ನಿಯಂತ್ರಣ, ಪಠ್ಯಕ್ರಮದ ನಿಯಮಗಳು ಬಂದವು. ಅದರ 11ನೇ ನಿಯಮ ಯೂನಿಫಾರ್ಮ್ ಬಗ್ಗೆ. ಮಾನ್ಯತೆ ಪಡೆದ ಶಾಲೆ ತನ್ನದೇ ಯೂನಿಫಾರ್ಮ್ ಗೊತ್ತು ಮಾಡಬಹುದು. ಒಮ್ಮೆ ಗೊತ್ತು ಮಾಡಿದ ಮೇಲೆ ಮುಂದಿನ ಐದು ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸುವುದಾದರೆ ಕನಿಷ್ಠ ಒಂದು ವರ್ಷ ಮೊದಲೇ ಪೋಷಕರಿಗೆ ನೋಟಿಸ್ ಕೊಡಬೇಕು.

ನಿಮ್ಮ ಶಾಲೆಯವರು ತಿಳಿನೀಲಿ ಅಂಗಿ ಯಾವ ವರ್ಷ ತಂದರು? ಹೋದ ವರ್ಷ ನೋಟಿಸ್ ಬಂದಿತ್ತಾ? ಮೇ ತಿಂಗಳ ವಾಟ್ಸಾಪ್ ಮೆಸೇಜ್ ಒಂದು ವರ್ಷದ ನೋಟಿಸ್ ಆಗುವುದಿಲ್ಲ.

ತುಮಕೂರಿನ ಅಮ್ಮ

ಸರ್, ತಿಳಿನೀಲಿ ಬಂದು ಮೂರು ವರ್ಷವೂ ಆಗಿಲ್ಲ! ನೋಟಿಸ್ ಅಂತ ಏನೂ ಬಂದಿಲ್ಲ. ಈ ನಿಯಮ ಕೇಳಿದ್ದೂ ಇದೇ ಮೊದಲು.

ಎರಡು ಗಂಡುಮಕ್ಕಳ ಅಪ್ಪ

ನಮ್ಮದು ಸಿಬಿಎಸ್‌ಇ. ನಮಗೂ ಇದು ಅನ್ವಯ ಆಗುತ್ತದಾ ಸರ್?

ಕಾನೂನು ಓದಿದವ

ನಿಮ್ಮದನ್ನು ಬೇರೆ ದಾರಿಯಲ್ಲಿ ಕೇಳಬೇಕು. ಸಿಬಿಎಸ್‌ಇ ಮಂಡಳಿ 2017ರ ಏಪ್ರಿಲ್‌ನಲ್ಲಿ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿತ್ತು. ಶಾಲೆಯ ಒಳಗೆ ಅಥವಾ ಗೊತ್ತು ಮಾಡಿದ ಅಂಗಡಿಯಲ್ಲೇ ಪುಸ್ತಕ, ಯೂನಿಫಾರ್ಮ್ ಕೊಳ್ಳಿ ಅಂತ ಪೋಷಕರ ಮೇಲೆ ಒತ್ತಡ ಹಾಕಬಾರದು ಅನ್ನುವುದು ಅದರ ತಿರುಳು. ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಒಬ್ಬರು ಹೋದರೆ ಮಗುವಿನ ಹೆಸರು ನೆನಪಿಟ್ಟುಕೊಳ್ಳುತ್ತಾರೆ.

ಲೀಡ್ಸ್‌ನ ಕನ್ನಡತಿ

ಮೇಲೆ ಒಬ್ಬರು ಬ್ರಿಟಿಷರು ಬಿಟ್ಟು ಹೋದದ್ದು ಅಂದರಲ್ಲ, ಬ್ರಿಟಿಷರ ಊರಿನಿಂದಲೇ ಬರೆಯುತ್ತಿದ್ದೇನೆ. ಇಲ್ಲೂ ಯೂನಿಫಾರ್ಮ್ ಇದೆ, ಇಲ್ಲೂ ಇದೇ ಜಗಳ ಇದೆ.

ನನ್ನ ಮಗ ಪ್ರೈಮರಿಯಲ್ಲಿ. ಬೂದು ಪ್ಯಾಂಟು, ಬಿಳಿ ಪೋಲೋ ಶರ್ಟು, ಮೇಲೊಂದು ನೀಲಿ ಜಂಪರ್ (ಸ್ವೆಟರ್). ಪ್ಯಾಂಟು, ಶರ್ಟು ಯಾವ ಸೂಪರ್‌ಮಾರ್ಕೆಟ್ಟಿನಲ್ಲಾದರೂ ಸಿಗುತ್ತವೆ. ಹಾಲು ಬ್ರೆಡ್ ತರಲು ಹೋದಾಗ ಅದನ್ನೂ ಬುಟ್ಟಿಗೆ ಹಾಕಿಕೊಂಡು ಬರುವುದು. ಶಾಲೆಯ ಗುರುತು ಇರುವುದು ಜಂಪರ್ ಮೇಲೆ ಮಾತ್ರ. ಮಕ್ಕಳ ಬಟ್ಟೆಗೆ ಇಲ್ಲಿ ವ್ಯಾಟ್ ಕೂಡ ಇಲ್ಲ.

ಹೈಸ್ಕೂಲುಗಳು ಮಾತ್ರ ಬ್ಲೇಜರ್, ಟೈ, ಗುರುತಿನ ಸ್ಕರ್ಟು ಅಂತ ಏರಿಸುತ್ತಾ ಹೋದವು. ಪೋಷಕರು ಗಲಾಟೆ ಮಾಡಿದರು. 2021ರಲ್ಲಿ ಇಂಗ್ಲೆಂಡಿಗೆ ಅಂತಲೇ ಯೂನಿಫಾರ್ಮ್ ಖರ್ಚಿನ ಬಗ್ಗೆ ಕಾನೂನು ಬಂತು. ಗುರುತು ಇರುವ ಬಟ್ಟೆ ಆದಷ್ಟು ಕಡಿಮೆ ಇಡಬೇಕು, ಹಳೇ ಯೂನಿಫಾರ್ಮ್ ಸಿಗುವ ವ್ಯವಸ್ಥೆ ಮಾಡಬೇಕು, ಸ್ಪರ್ಧೆ ಇಲ್ಲದೆ ಒಂದೇ ಅಂಗಡಿಗೆ ಕಟ್ಟುಹಾಕಬಾರದು. ಇವೆಲ್ಲ ಶಾಲೆಗಳು ಪಾಲಿಸಬೇಕಾದ ಮಾರ್ಗಸೂಚಿಯಲ್ಲಿವೆ.

ನಮ್ಮ ಶಾಲೆಯ ಪೋಷಕರ ಸಂಘದವರು ಟರ್ಮ್ ಕೊನೆಗೆ ಶಾಲೆಯ ಹಾಲ್‌ನಲ್ಲಿ ಮೇಜು ಹಾಕಿ ಹಳೇ ಜಂಪರ್‌ಗಳನ್ನು ಒಂದು ಪೌಂಡಿಗೆ ಮಾರುತ್ತಾರೆ. ಡಾಕ್ಟರ ಹೆಂಡತಿಯೂ ಅಲ್ಲೇ ಹುಡುಕುತ್ತಿರುತ್ತಾಳೆ, ಕ್ಲೀನಿಂಗ್ ಮಾಡುವವಳೂ ಅಲ್ಲೇ. ಬೆಂಗಳೂರಿನಲ್ಲಿ ನಮ್ಮ ಅಕ್ಕನಿಗೆ ಇದನ್ನು ಹೇಳಿದರೆ "ಬೇರೆಯವರು ಹಾಕಿ ಬಿಟ್ಟಿದ್ದಾ? ಛೇ" ಅಂದಳು. ನಾವಿಬ್ಬರೂ ದೊಡ್ಡಮ್ಮನ ಮಕ್ಕಳ ಲಂಗ ಹಾಕಿಕೊಂಡೇ ಹೈಸ್ಕೂಲು ಮುಗಿಸಿದವರು!

ಹುಬ್ಬಳ್ಳಿಯ ತಾಯಿ

ಹಳೇದು ಹಾಕಿಕೊಂಡರೆ ಮರ್ಯಾದೆ ಹೋಗುತ್ತದೆ ಅನ್ನುವುದು ನಮ್ಮ ಮಧ್ಯಮ ವರ್ಗದ ರೋಗ ರೀ. ಅಂಗಡಿಯವನನ್ನು ಬೈಯುವಾಗ ಇದನ್ನೂ ಸ್ವಲ್ಪ ಬೈದುಕೊಳ್ಳೋಣ.

ಇನ್ನೊಂದು ಕೇಳಬೇಕಿತ್ತು. ಹೆಣ್ಣುಮಕ್ಕಳಿಗೆ ಸ್ಕರ್ಟು ಯಾಕೆ ಕಡ್ಡಾಯ? ನನ್ನ ಮಗಳು ಏಳನೇ ಕ್ಲಾಸು, ಸೈಕಲ್ಲಿನಲ್ಲಿ ಹೋಗುತ್ತಾಳೆ. ಸ್ಕರ್ಟಿನ ಒಳಗೆ ಒಂದು ಚಡ್ಡಿ, ಅದರ ಮೇಲೆ ಸ್ಕರ್ಟು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹ್ಯಾಂಡಲ್ಲು. ಆಟದ ಪಿರಿಯಡ್ಡಿನಲ್ಲಿ ಹುಡುಗರು ಕಬಡ್ಡಿ, ಇವರು ಕಟ್ಟೆ ಮೇಲೆ ಕೂರುವುದು.

ಲೀಡ್ಸ್‌ನ ಕನ್ನಡತಿ

ನಮ್ಮ ಶಾಲೆಯಲ್ಲಿ ಹುಡುಗಿಯರು ಪ್ಯಾಂಟು ಹಾಕಬಹುದು. ಅರ್ಧಕ್ಕರ್ಧ ಹಾಕುತ್ತಾರೆ. ಚಳಿಗೆ ಬೇರೆ ದಾರಿಯೂ ಇಲ್ಲ ಬಿಡಿ.

ಕಾನೂನು ಓದಿದವ

ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲೇ ಇದೆ. 2021ರ ಡಿಸೆಂಬರ್‌ನಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆ ಹುಡುಗ ಹುಡುಗಿಯರಿಗೆ ಒಂದೇ ರೀತಿಯ ಪ್ಯಾಂಟು ಶರ್ಟು ತಂದಿತು. ವಿರೋಧವೂ ಆಯಿತು, ಒಪ್ಪಿದವರೂ ಇದ್ದರು. ತಲೆವಸ್ತ್ರ, ಉದ್ದ ತೋಳು ಬೇಕಾದವರು ಹಾಕಿಕೊಳ್ಳಬಹುದು ಅಂತ ಅಲ್ಲಿ ಬಿಟ್ಟಿದ್ದರು.

ಕರಾವಳಿಯ ಅಮ್ಮ

ಈ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹಿಜಾಬ್ ವಿವಾದ ಆದ 2022ರಲ್ಲಿ ನನ್ನ ಮಗಳು ಪಿಯುಸಿ. ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಎರಡು ಬೇರೆ ಬೇರೆ ತೀರ್ಪು. ಇವೆಲ್ಲ ನಮ್ಮ ಮನೆಯಲ್ಲಿ ತಾರೀಖಿನ ಸಮೇತ ಎಲ್ಲರಿಗೂ ಬಾಯಿಪಾಠ. ಯೂನಿಫಾರ್ಮ್ ಬೇಡ ಅಂತ ನಾವು ಯಾವತ್ತೂ ಹೇಳಿದವರಲ್ಲ. ಕಾಲೇಜಿನವರು ಕೊಟ್ಟ ಚೂಡಿದಾರದ ವೇಲನ್ನೇ, ಅದೇ ಬಣ್ಣದ್ದನ್ನೇ, ಹೆಗಲ ಬದಲು ತಲೆ ಮೇಲೆ ಹಾಕಿಕೊಳ್ಳುತ್ತೇನೆ ಅಂದಳು. ಆಗಲಿಲ್ಲ. ಆ ವರ್ಷ ಪರೀಕ್ಷೆ ಬರೆಯಲಿಲ್ಲ.

ಎರಡು ಗಂಡುಮಕ್ಕಳ ಅಪ್ಪ

ಅಕ್ಕಾ, ನಿಮ್ಮ ಮಗಳ ವರ್ಷ ಹೋದದ್ದು ಬೇಜಾರಿನ ವಿಷಯವೇ. ಆದರೆ ನನ್ನ ಅಭಿಪ್ರಾಯ ಬೇರೆ. ಒಬ್ಬರಿಗೆ ಬಿಟ್ಟರೆ ಇನ್ನೊಬ್ಬರು ಶಾಲು ಹೊದ್ದು ಬರುತ್ತಾರೆ. ಆಗಲೂ ಹಾಗೇ ಆಯಿತಲ್ಲ. ಶಾಲೆಯ ಒಳಗೆ ನಿಯಮ ಎಲ್ಲರಿಗೂ ಒಂದೇ ಇರಬೇಕು.

ಕರಾವಳಿಯ ಅಮ್ಮ

ಅಣ್ಣಾ, ನಿಮ್ಮ ಅಭಿಪ್ರಾಯ ನಿಮಗಿರಲಿ, ಜಗಳ ಇಲ್ಲ. ಹುಡುಗಿ ಮನೆಯಲ್ಲಿ ಕೂತದ್ದು ನನ್ನ ಕಣ್ಣ ಮುಂದೆ. ಅದನ್ನು ಯಾವ ನಿಯಮದ ಲೆಕ್ಕಕ್ಕೆ ಸೇರಿಸಲಿ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ನಿರ್ವಾಹಕರು

ಇಬ್ಬರೂ ಮರ್ಯಾದೆಯಿಂದ ಮಾತಾಡಿದ್ದೀರಿ, ಧನ್ಯವಾದ. ಈ ವಿಷಯಕ್ಕೆ ಬೇರೆ ಚರ್ಚೆ ತೆರೆದಿದೆ, ಮುಂದುವರಿಸುವವರು ಅಲ್ಲಿಗೆ ಬನ್ನಿ. ಆಮೇಲೆ ಬಂದ ಹನ್ನೆರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಯಾಕೆ ಅಂತ ಬರೆದವರಿಗೆ ಗೊತ್ತು.

ಸೊಲ್ಲಾಪುರದ ಕನ್ನಡಿಗ

ತಡವಾಗಿ ಬಂದೆ. ನಮ್ಮೂರು ಚಾದರಿಗೆ ಹೆಸರುವಾಸಿ ಅಂತ ನಿಮಗೆ ಗೊತ್ತು. ಯೂನಿಫಾರ್ಮ್ ಹೊಲಿದು ಊರೂರಿಗೆ ಕಳಿಸುವ ಕಾರ್ಖಾನೆಗಳೂ ಇಲ್ಲಿ ಬೇಕಾದಷ್ಟಿವೆ. ನಾನು ಅಂಥದ್ದೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮಿಂದ ಹೊರಡುವ ಅಂಗಿಯ ಬೆಲೆಗೂ ನೀವು ಕೌಂಟರಿನಲ್ಲಿ ಕೊಡುವ ಬೆಲೆಗೂ ನಡುವೆ ಯಾರ್ಯಾರು ಕೂತಿದ್ದಾರೆ ಅಂತ ಇಲ್ಲಿ ಬರೆದರೆ ನನ್ನ ಕೆಲಸ ಹೋಗುತ್ತದೆ. ಇಷ್ಟು ಮಾತ್ರ ಹೇಳುತ್ತೇನೆ. ನೂರು ಪೋಷಕರು ಸೇರಿ ಒಂದೇ ಅಳತೆ ಪಟ್ಟಿ ಕಳಿಸಿ ಸಗಟು ದರ ಕೇಳಿದರೆ ಕೊಡುವವರು ಇದ್ದಾರೆ.

ಟೇಲರ್ ಅಂಗಡಿ, ಚಿತ್ರದುರ್ಗ

ಸೊಲ್ಲಾಪುರದವರೇ, ಆ ಅಂಗಿಯ ಒಳಗೆ ಎರಡು ಇಂಚು ಬಟ್ಟೆ ಜಾಸ್ತಿ ಬಿಡಲು ನಿಮ್ಮ ಮಾಲೀಕರಿಗೆ ಹೇಳಿ. ನಮ್ಮ ಹೊಟ್ಟೆಯೂ ನಡೆಯಲಿ.

ತುಮಕೂರಿನ ಅಮ್ಮ

ಎಲ್ಲರಿಗೂ ಹೇಳಬೇಕಾದ್ದು ಇದೆ. 11ನೇ ನಿಯಮವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಕ್ಲಾಸಿನ ಗ್ರೂಪಿನಲ್ಲಿ ಹಾಕದೆ (ಅದರಲ್ಲಿ ಟೀಚರ್ ಇದ್ದಾರೆ) ಅಮ್ಮಂದಿರ ಗ್ರೂಪಿನಲ್ಲಿ ಹಾಕಿದೆ. ಬರುತ್ತೇನೆ ಅಂದವರು ಇಪ್ಪತ್ತು ಜನ, ಬಂದವರು ಏಳು. ಸಾಕು. ಹೆಡ್ ಮೇಡಂ ಮೊದಲು "ಮ್ಯಾನೇಜ್‌ಮೆಂಟ್ ತೀರ್ಮಾನ" ಅಂದರು. ನಿಯಮದ ಹಾಳೆ ಮೇಜಿನ ಮೇಲಿಟ್ಟು, ಒಂದು ವರ್ಷದ ನೋಟಿಸ್ ಎಲ್ಲಿ ಅಂತ ಕೇಳಿದೆವು. ಕಾಫಿ ಬಂತು. ಕಾಫಿ ಬಂದರೆ ಕೆಲಸ ಅರ್ಧ ಆದ ಹಾಗೆ ಅಂತ ನಮ್ಮ ಮನೆಯವರು ಹೇಳುತ್ತಿರುತ್ತಾರೆ.

ಕೊನೆಗೆ ಒಪ್ಪಿದ್ದು ಇಷ್ಟು. ಈ ವರ್ಷ ತಿಳಿನೀಲಿ ಅಂಗಿ ಇರುವವರು ಅದನ್ನೇ ಹಾಕಬಹುದು. ಮುಂದಿನ ವರ್ಷದಿಂದ ಚೌಕಳಿ ಕಡ್ಡಾಯ, ಅದಕ್ಕೆ ಈಗಲೇ ಲಿಖಿತ ನೋಟಿಸ್ ಕೊಡುತ್ತಾರೆ. ಐದು ವರ್ಷ ಆಗಿಲ್ಲವಲ್ಲ ಅಂತ ಕೇಳಿದ್ದಕ್ಕೆ "ನೋಡೋಣ" ಅಂದರು. ಪ್ಯಾಂಟು, ಬಿಳಿ ಶೂ, ಸಾಕ್ಸು ಎಲ್ಲಿಂದ ಬೇಕಾದರೂ ತರಬಹುದು. ಬುಧವಾರದ ಟೀ ಶರ್ಟು ಮಾತ್ರ ಅದೇ ಅಂಗಡಿ, ಅದರಲ್ಲಿ ಜಗ್ಗಲಿಲ್ಲ. ಹುಡುಗಿಯರ ಪ್ಯಾಂಟಿನ ವಿಷಯವನ್ನೂ ಕೇಳಿದೆ ಹುಬ್ಬಳ್ಳಿ ಅಕ್ಕಾ. ಆಟದ ಪಿರಿಯಡ್ ಇರುವ ದಿನ ಟ್ರ್ಯಾಕ್ ಪ್ಯಾಂಟು ಹಾಕಬಹುದಂತೆ.

ನಾನು ಆಗಲೇ ಕೊಂಡ ಚೌಕಳಿ ಅಂಗಿಗಳನ್ನು ಅಂಗಡಿಯವನು ವಾಪಸ್ ತಗೊಳ್ಳಲ್ಲ ಅಂದ. ಬಿಲ್ ಇಲ್ಲವಲ್ಲ.

ಪ್ರಶ್ನೆ ಕೇಳುವವ

ಟೈ?

ತುಮಕೂರಿನ ಅಮ್ಮ

ಟೈ ಹಾಗೇ ಇದೆ ಸರ್. ಅದಕ್ಕೆ ನೀವೇ ಬನ್ನಿ.

ಕಾನೂನು ಓದಿದವ

ಲಿಖಿತ ನೋಟಿಸ್ ಕೈಗೆ ಬರುವವರೆಗೆ ಬಿಡಬೇಡಿ. ಸಿಕ್ಕಿದ ದಿನ ಅದರ ಮೇಲಿನ ತಾರೀಖು ನೋಡಿ. ಐದು ವರ್ಷದ ಪ್ರಶ್ನೆಯನ್ನೂ ಬರವಣಿಗೆಯಲ್ಲೇ ಕೇಳಿ, ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಹುಬ್ಬಳ್ಳಿಯ ತಾಯಿ

ನನ್ನ ಹತ್ತಿರ 30 ಸೈಜಿನ ನೇವಿ ಬ್ಲೂ ಪ್ಯಾಂಟು ಎರಡು ಇವೆ, ಜಿಪ್ ಗಟ್ಟಿ ಇದೆ. ಹುಬ್ಬಳ್ಳಿ ಧಾರವಾಡದವರು ಯಾರಿಗಾದರೂ ಬೇಕಾದರೆ ಮೆಸೇಜ್ ಮಾಡಿ. ದುಡ್ಡು ಬೇಡ.